ಸಣ್ಣ ದಾರ, ದೊಡ್ಡ ಮೀನು

(ಬಳಗದ ನದಿ ಅಧ್ಯಯನ ಶಿಬಿರದಲ್ಲಿ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಪಠ್ಯ)



ನದಿಯ ಕುರಿತ ಸಭೆಗಳಲ್ಲಿ ಅಣೆಕಟ್ಟು, ಮರಳು, ಮಾಲಿನ್ಯ ಇವುಗಳ ಚರ್ಚೆ ಸಹಜವಾಗಿಯೇ ಮೊದಲಿಗೆ ಬರುತ್ತದೆ. ಇಂದು ನಾನು ಗಾಳದ ದಾರವನ್ನು ವಿಷಯವಾಗಿ ಆರಿಸಿಕೊಂಡಿದ್ದೇನೆ. ತೆಳುವಾದ ದಾರದಲ್ಲಿ ಬಲು ದೊಡ್ಡ ಮೀನನ್ನು ದಡಕ್ಕೆ ತರುವ ವಿದ್ಯೆಯೊಂದು ಲೋಕದಲ್ಲಿದೆ. ಆ ವಿದ್ಯೆಯ ಹಿಂದಿರುವ ವಿಜ್ಞಾನವೇನು, ಅದು ಯಾವ ಉದ್ದೇಶದಿಂದ ಹುಟ್ಟಿತು, ನಮ್ಮ ಹೊಳೆಗಳ ಮಹಶೀರ್ ಮೀನಿಗೆ ಅದರಿಂದ ಏನಾಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ತಮ್ಮ ಮುಂದಿಡುತ್ತೇನೆ.

ನಮ್ಮ ಊರುಗಳಲ್ಲಿ ಗಾಳವೆಂದರೆ ಬಿದಿರಿನ ಕೋಲು, ಅದರ ತುದಿಗೆ ಕಟ್ಟಿದ ಒಂದೆರಡು ಮಾರು ನೈಲಾನ್ ದಾರ, ಒಂದು ಕೊಕ್ಕೆ, ಒಂದು ಎರೆಹುಳು. ಈ ಗಾಳಕ್ಕೆ ದೊಡ್ಡ ಮೀನು ಕಚ್ಚಿದರೆ ಕಥೆ ಬೇಗ ಮುಗಿಯುತ್ತದೆ. ದಾರ ಮುಂದಕ್ಕೆ ಹರಿಯಲು ಅವಕಾಶವಿಲ್ಲದ ಕಾರಣ ಅದು ತುಂಡಾಗುತ್ತದೆ ಅಥವಾ ಕೋಲು ಮುರಿಯುತ್ತದೆ. ರೀಲು ಬಂದ ಮೇಲೆ ಈ ಲೆಕ್ಕ ಬದಲಾಯಿತು. ನೂರಾರು ಅಡಿ ದಾರವನ್ನು ಸುತ್ತಿಟ್ಟ ಆ ರಾಟೆಯೊಳಗೆ ಬಿಗಿ ಮಾಡಲು, ಸಡಿಲಿಸಲು ಬರುವ ಒಂದು ಬ್ರೇಕು ಇರುತ್ತದೆ. ಮೀನು ಎಳೆದಾಗ ದಾರ ತುಂಡಾಗುವ ಮೊದಲೇ ರಾಟೆ ತಿರುಗಿ ದಾರವನ್ನು ಬಿಟ್ಟುಕೊಡುತ್ತದೆ. ಸಣ್ಣ ದಾರದ ಎಲ್ಲ ಸಾಹಸವೂ ಈ ಬಿಟ್ಟುಕೊಡುವಿಕೆಯ ಮೇಲೆ ನಿಂತಿದೆ.

ಒಂಬತ್ತು ಕಿಲೋ ಭಾರಕ್ಕೆ ಹರಿದುಹೋಗುವ ದಾರದಲ್ಲಿ ಮೂವತ್ತು ಕಿಲೋ ತೂಕದ ಮೀನನ್ನು ಎಳೆಯಲು ಹೇಗೆ ಸಾಧ್ಯ ಎಂದು ವಿದ್ಯಾರ್ಥಿಗಳು ಕೇಳಬಹುದು. ಕಾಡಿನ ದಿಮ್ಮಿಯನ್ನು ನೆನೆಯಿರಿ. ನೆಲದ ಮೇಲೆ ನಾಲ್ವರು ಸೇರಿದರೂ ಅಲುಗದ ದಿಮ್ಮಿಯನ್ನು ನೀರಿನಲ್ಲಿ ತೇಲಬಿಟ್ಟಾಗ ಒಬ್ಬ ಹುಡುಗ ಹಗ್ಗ ಕಟ್ಟಿ ಎಳೆಯಬಲ್ಲ. ಮೀನಿನ ಹೊಟ್ಟೆಯೊಳಗೆ ಒಂದು ಗಾಳಿಚೀಲವಿದೆ. ಅದರ ನೆರವಿನಿಂದ ಮೀನು ನೀರಿನಲ್ಲಿ ಬಹುತೇಕ ತೂಕವಿಲ್ಲದಂತೆ ನಿಲ್ಲುತ್ತದೆ. ಆದುದರಿಂದ ಗಾಳಗಾರನು ಹೋರಾಡಬೇಕಾದುದು ಮೀನಿನ ತೂಕದೊಡನೆ ಅಲ್ಲ. ಅದರ ಸ್ನಾಯುಗಳ ಬಲ ಮತ್ತು ಹೊಳೆಯ ಸೆಳವಿನೊಡನೆ. ಅದೇ ಮೀನನ್ನು ದಾರದಿಂದಲೇ ನೀರಿನ ಹೊರಕ್ಕೆ ಎತ್ತಲು ಹೋದರೆ ಮರುಕ್ಷಣವೇ ದಾರ ತುಂಡಾಗುತ್ತದೆ.

ಅನುಭವಿಗಳು ರೀಲಿನ ಬ್ರೇಕನ್ನು ದಾರದ ಶಕ್ತಿಯ ಕಾಲುಭಾಗ ಅಥವಾ ಹೆಚ್ಚೆಂದರೆ ಮೂರನೆಯ ಒಂದು ಭಾಗಕ್ಕೆ ಹೊಂದಿಸುತ್ತಾರೆ. ಒಂಬತ್ತು ಕಿಲೋ ದಾರಕ್ಕೆ ಸುಮಾರು ಎರಡೂವರೆ ಅಥವಾ ಮೂರು ಕಿಲೋ ಎಳೆತ. ಉಳಿದುದನ್ನು ಏಕೆ ಕಾಯ್ದಿರಿಸಬೇಕು? ಗಂಟು ಹಾಕಿದಲ್ಲಿ ದಾರದ ಶಕ್ತಿ ಕುಗ್ಗುತ್ತದೆ. ಬಂಡೆಗೆ ಉಜ್ಜಿದಲ್ಲಿ ಇನ್ನೂ ಕುಗ್ಗುತ್ತದೆ. ಹೊಳೆಯ ಸೆಳವು ಉದ್ದವಾಗಿ ಚಾಚಿದ ದಾರವನ್ನೇ ತಳ್ಳಿ ಬಿಲ್ಲಿನಂತೆ ಬಾಗಿಸಿ ತನ್ನ ಭಾರವನ್ನು ಸೇರಿಸುತ್ತದೆ. ಇದರ ಜೊತೆಗೆ ಗಣಿತದ ಒಂದು ಸಂಗತಿಯೂ ಉಂಟು. ದಾರ ಹರಿದುಹೋದಂತೆ ರಾಟೆಯ ಮೇಲಿನ ಸುತ್ತು ಚಿಕ್ಕದಾಗುತ್ತದೆ. ಆ ಸುತ್ತಿನ ವ್ಯಾಸ ಅರ್ಧಕ್ಕೆ ಇಳಿದರೆ, ಬ್ರೇಕನ್ನು ಮುಟ್ಟದಿದ್ದರೂ, ರಾಟೆಯನ್ನು ತಿರುಗಿಸಲು ಬೇಕಾದ ಎಳೆತ ಇಮ್ಮಡಿಯಾಗುತ್ತದೆ. ಮೀನು ದೂರ ಓಡಿದಷ್ಟೂ ಬ್ರೇಕನ್ನು ಸಡಿಲಿಸಬೇಕು. ಹೊಸಬರು ಗಾಬರಿಯಿಂದ ಬಿಗಿ ಮಾಡುತ್ತಾರೆ. ದಾರ ತುಂಡಾಗುವುದು ಸಾಮಾನ್ಯವಾಗಿ ಆ ಗಳಿಗೆಯಲ್ಲಿಯೇ.

ಇನ್ನೊಂದು ಉಪಾಯವನ್ನು ರೈತರಿಗೆ ವಿವರಿಸಬೇಕಾಗಿಲ್ಲ. ಬಲಿಷ್ಠವಾದ ಎತ್ತನ್ನು ನಾವು ಬಾಲ ಹಿಡಿದು ನಿಲ್ಲಿಸುವುದಿಲ್ಲ. ಒಂದು ಮೂಗುದಾರದಿಂದ ಅದರ ತಲೆಯನ್ನು ತಿರುಗಿಸುತ್ತೇವೆ. ತಲೆ ತಿರುಗಿದ ಕಡೆಗೆ ಮೈ ತಿರುಗುತ್ತದೆ. ಮೀನಿನ ವಿಷಯವೂ ಹಾಗೆಯೇ. ಕೋಲನ್ನು ಮೇಲಕ್ಕೆತ್ತಿ ಹಿಂದಕ್ಕೆ ಜಗ್ಗುವ ಬದಲು ನೀರಿನ ಮಟ್ಟಕ್ಕೆ ಇಳಿಸಿ ಪಕ್ಕಕ್ಕೆ ಎಳೆದರೆ ಮೀನಿನ ತಲೆ ಹೊರಳುತ್ತದೆ, ಅದರ ಓಟದ ನೇರ ತಪ್ಪುತ್ತದೆ. ಕಾವೇರಿಯಲ್ಲಿ ಹರಿಗೋಲು ನಡೆಸುವವರು ಇದಕ್ಕೆ ತಮ್ಮದೇ ಆದ ಕೌಶಲವನ್ನು ಕೂಡಿಸಿದರು. ಮೀನು ಸೆಳವಿನೊಡನೆ ಕೆಳಕ್ಕೆ ಓಡಿದರೆ ಗಾಳಗಾರನನ್ನು ಹರಿಗೋಲಿನಲ್ಲಿ ಕುಳ್ಳಿರಿಸಿಕೊಂಡು ಅದರ ಹಿಂದೆಯೇ ಹೋಗುವುದು, ಬಂಡೆಗೆ ಸಿಕ್ಕಿಕೊಂಡ ದಾರವನ್ನು ಬಿಡಿಸುವುದು, ದಾರದ ಉದ್ದವನ್ನು ಕಡಿಮೆ ಮಾಡುವುದು. ಪತ್ರಿಕೆಗಳಲ್ಲಿ ಮೀನಿನೊಡನೆ ನಿಂತ ಗಾಳಗಾರನ ಚಿತ್ರ ಅಚ್ಚಾಗುತ್ತಿತ್ತು. ಆ ಮೀನನ್ನು ದಡ ಮುಟ್ಟಿಸಿದ ಅರ್ಧ ವಿದ್ಯೆ ಹುಟ್ಟುಹಾಕುವವನದಾಗಿರುತ್ತಿತ್ತು.

ಈಗ ಎರಡನೆಯ ಪ್ರಶ್ನೆಗೆ ಬರೋಣ. ದಪ್ಪ ದಾರ ಸಿಗುತ್ತಿರುವಾಗ ಸಣ್ಣ ದಾರವನ್ನೇ ಹಿಡಿಯಬೇಕೆಂಬ ನಿಯಮ ಎಲ್ಲಿಂದ ಬಂತು? ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯ ಸಾಂಟಾ ಕ್ಯಾಟಲಿನಾ ದ್ವೀಪದಲ್ಲಿ ಅವಲಾನ್ ಎಂಬ ಊರಿದೆ. 1898ರಲ್ಲಿ ಚಾರ್ಲ್ಸ್ ಫ್ರೆಡೆರಿಕ್ ಹೋಲ್ಡರ್ ಎಂಬ ನಿಸರ್ಗ ಲೇಖಕರು ಅಲ್ಲಿ 183 ಪೌಂಡ್, ಅಂದರೆ ಸುಮಾರು 83 ಕಿಲೋ ತೂಕದ ಟ್ಯೂನಾ ಮೀನನ್ನು ಕೋಲು ಮತ್ತು ರೀಲಿನಿಂದ ಹಿಡಿದರು. ಅದೇ ವರ್ಷ ಅಲ್ಲಿ ಟ್ಯೂನಾ ಕ್ಲಬ್ ಸ್ಥಾಪನೆಯಾಯಿತು. ಆ ಕಾಲದಲ್ಲಿ ಪ್ರವಾಸಿಗರು ದೋಣಿಗಳಿಂದ ದಪ್ಪನೆಯ ಕೈದಾರಗಳನ್ನು ಇಳಿಬಿಟ್ಟು ರಾಶಿ ರಾಶಿ ಮೀನನ್ನು ಎಳೆದು ವ್ಯರ್ಥವಾಗಿ ಎಸೆಯುತ್ತಿದ್ದರು. ಇದನ್ನು ಕಂಡು ನೊಂದ ಹೋಲ್ಡರ್ ಮತ್ತು ಅವರ ಸಂಗಡಿಗರು ದಾರದ ದಪ್ಪಕ್ಕೆ ಮಿತಿ ಹಾಕಿದರು. ಮೀನಿಗೆ ತಪ್ಪಿಸಿಕೊಳ್ಳುವ ಅವಕಾಶ ದೊರೆಯಬೇಕು, ಹಿಡಿದವನು ಅದಕ್ಕಾಗಿ ಶ್ರಮಪಟ್ಟಿರಬೇಕು ಎಂಬುದು ಅವರ ಆಶಯ. ಮುಂದೆ 1939ರಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ಗಾಳ ಮೀನುಗಾರಿಕೆ ಸಂಘವು ದಾರದ ಶಕ್ತಿಗೆ ಅನುಗುಣವಾಗಿ ಬೇರೆ ಬೇರೆ ವರ್ಗಗಳ ದಾಖಲೆಗಳನ್ನು ಇಡುವ ಪದ್ಧತಿಯನ್ನು ಬೆಳೆಸಿತು. ಎಷ್ಟು ತೆಳು ದಾರದಲ್ಲಿ ಎಷ್ಟು ದೊಡ್ಡ ಮೀನು ಎಂಬುದೇ ಕೀರ್ತಿಯ ಅಳತೆಯಾಯಿತು.

ಹೀಗೆ ಸಣ್ಣ ದಾರದ ನಿಯಮ ಹುಟ್ಟಿದ್ದು ಕರುಣೆಯಿಂದ. ಆದರೆ ಅದು ಹಿಡಿದ ಮೀನನ್ನು ಕೊಲ್ಲುತ್ತಿದ್ದ ಕಾಲದ ಕರುಣೆ. ಹಿಡಿದ ಮೀನು ಸಾಯುವುದೇ ಖಚಿತವಾಗಿದ್ದಾಗ, ದಾರ ತುಂಡಾಗುವ ಪ್ರತಿಯೊಂದು ಸಾಧ್ಯತೆಯೂ ಮೀನಿಗೆ ಜೀವದಾನ. ಇಂದು ಮಹಶೀರ್‌ನಂತಹ ಅಪರೂಪದ ಮೀನನ್ನು ಹಿಡಿಯುವವರು ಮರಳಿ ಹೊಳೆಗೆ ಬಿಡುತ್ತೇವೆ ಎನ್ನುತ್ತಾರೆ. ಬಿಡುವುದೇ ಉದ್ದೇಶವಾದಾಗ ಲೆಕ್ಕ ತಿರುಗುಮುರುಗಾಗುತ್ತದೆ. ದಾರ ತೆಳುವಾದಷ್ಟೂ ಎಳೆತ ಕಡಿಮೆ, ಎಳೆತ ಕಡಿಮೆಯಾದಷ್ಟೂ ಹೋರಾಟ ದೀರ್ಘ. ಆ ದೀರ್ಘತೆಯ ಬೆಲೆಯನ್ನು ತೆರುವುದು ಮೀನಿನ ದೇಹ.

ಆ ಬೆಲೆ ಎಂತಹುದು? ಮೀನು ನಿಧಾನವಾಗಿ ಈಜುವಾಗ ಬಳಸುವ ಸ್ನಾಯು ಬೇರೆ, ಪ್ರಾಣಭಯದಿಂದ ಓಡುವಾಗ ಬಳಸುವ ಬಿಳಿ ಸ್ನಾಯು ಬೇರೆ. ಈ ಬಿಳಿ ಸ್ನಾಯು ಆಮ್ಲಜನಕಕ್ಕಾಗಿ ಕಾಯದೆ ಕೆಲಸ ಮಾಡುತ್ತದೆ. ಅದರ ಫಲವಾಗಿ ದೇಹದಲ್ಲಿ ಲ್ಯಾಕ್ಟಿಕ್ ಆಮ್ಲ ಸಂಗ್ರಹವಾಗುತ್ತದೆ, ರಕ್ತ ಆಮ್ಲೀಯವಾಗುತ್ತದೆ. ಹೋರಾಟ ಲಂಬಿಸಿದಷ್ಟೂ ಈ ಸಾಲ ಬೆಳೆಯುತ್ತದೆ. ತೀರಿಸಲು ಅನೇಕ ಗಂಟೆಗಳು ಬೇಕು. ಫೋಟೋಗಾಗಿ ನೀರಿನಿಂದ ಹೊರಗೆ ಎತ್ತಿ ಹಿಡಿದರೆ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಉಸಿರೂ ನಿಲ್ಲುತ್ತದೆ. ಬಿಟ್ಟೊಡನೆ ಅದು ಬಾಲ ಬಡಿದು ಹೋಗುವುದನ್ನು ಕಂಡು ನಾವು ಸಂತೋಷಪಡುತ್ತೇವೆ. ದಣಿದ ಮೀನು ಸೆಳವಿನಲ್ಲಿ ಬಂಡೆಗೆ ಅಪ್ಪಳಿಸುವುದೂ ಮೊಸಳೆಗೆ ತುತ್ತಾಗುವುದೂ ಕೆಲವೊಮ್ಮೆ ಗಂಟೆಗಳ ನಂತರ ತಾನಾಗಿ ಸಾಯುವುದೂ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಬೇಸಿಗೆಯಲ್ಲಿ ಅಪಾಯ ಇನ್ನೂ ಹೆಚ್ಚು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ಸಿಹಿನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಅದು ಏಳೂವರೆ ಮಿಲಿಗ್ರಾಂಗೆ ಇಳಿಯುತ್ತದೆ. ಮೀನಿಗೆ ಹೆಚ್ಚು ಉಸಿರು ಬೇಕಾದ ಕಾಲದಲ್ಲಿಯೇ ನೀರಿನಲ್ಲಿ ಉಸಿರು ಕಡಿಮೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಹೊಳೆ ಸೊರಗಿ ಮೀನುಗಳೆಲ್ಲ ಕೆಲವೇ ಮಡುಗಳಲ್ಲಿ ಸೇರಿಕೊಂಡಿರುವುದನ್ನು ತಾವೆಲ್ಲ ಬಲ್ಲಿರಿ.

ಇನ್ನು ಮೂರನೆಯ ಪ್ರಶ್ನೆ. ಕಾವೇರಿಯ ಡುಬ್ಬದ ಮಹಶೀರ್ ಜಗತ್ತಿನ ಮಹಶೀರ್‌ಗಳಲ್ಲೇ ಅತಿ ದೊಡ್ಡದಾಗಿ ಬೆಳೆಯುವ ಜಾತಿಗಳಲ್ಲೊಂದು. 1919ರಲ್ಲಿ ರಿವೆಟ್-ಕಾರ್ನಾಕ್ ಎಂಬ ಸೇನಾಧಿಕಾರಿ ಕಾವೇರಿಯಲ್ಲಿ 119 ಪೌಂಡ್ ತೂಗುವ ಮೀನನ್ನು ಹಿಡಿದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ಅವರು ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ಮೀನನ್ನು ಹಿಡಿದರು. ಆಮೇಲೆ ಈ ಮೀನು ಮರೆತುಹೋದಂತಾಗಿ, 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಬಂದ ತಂಡವೊಂದರಿಂದ ಮತ್ತೆ ಹೆಸರಾಯಿತು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಗಾಳ ಶಿಬಿರಗಳು ನಡೆದವು. ನಮ್ಮ ರಾಗಿಮುದ್ದೆಯೇ ಅಲ್ಲಿ ಹೆಸರಾಂತ ಎರೆಯಾಯಿತು.

ಆ ಶಿಬಿರಗಳಿಂದ ಆದ ಒಳಿತನ್ನು ಮರೆಮಾಚುವುದು ನ್ಯಾಯವಲ್ಲ. ಹಿಂದೆ ಬಲೆ, ಸಿಡಿಮದ್ದು ಬಳಸುತ್ತಿದ್ದ ಕೆಲವರೇ ಅಲ್ಲಿ ಮಾರ್ಗದರ್ಶಕರೂ ಕಾವಲುಗಾರರೂ ಆದರು. 1998ರಿಂದ 2012ರವರೆಗೆ ಗಾಲಿಬೋರೆಯಲ್ಲಿ ಬರೆದಿಟ್ಟ ದಿನಚರಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳ ಲೆಕ್ಕವಿತ್ತು. ವಿಜ್ಞಾನಿಗಳು ಅದನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಫಲಿತಾಂಶ ಆತಂಕಕಾರಿಯಾಗಿತ್ತು. ಒಟ್ಟು ಮೀನಿನ ಸಂಖ್ಯೆ ಏರುತ್ತಿದ್ದರೂ ಡುಬ್ಬದ ಮಹಶೀರ್‌ನ ಮರಿಗಳು ಕಾಣದಂತಾಗಿದ್ದವು. ಹೆಚ್ಚಿದುದು ಮಹಾರಾಷ್ಟ್ರದ ಲೋನಾವಳದ ಸಾಕಣೆ ಕೇಂದ್ರದ ಮೂಲದಿಂದ ತಂದು ಬಿಟ್ಟ, ಕೃಷ್ಣಾ ಕಣಿವೆಯ ನೀಲಿರೆಕ್ಕೆಯ ಮಹಶೀರ್. ಡುಬ್ಬದ ಮಹಶೀರ್‌ಗೆ ವೈಜ್ಞಾನಿಕ ಹೆಸರು ಖಚಿತವಾದುದೇ 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಅದು ತೀವ್ರವಾಗಿ ಅಳಿವಿನಂಚಿನಲ್ಲಿರುವ ಜೀವಿಗಳ ಕೆಂಪುಪಟ್ಟಿಗೆ ಸೇರಿತು. ಗಾಳಗಾರರು ಬರೆದಿಟ್ಟ ಲೆಕ್ಕವಿಲ್ಲದಿದ್ದರೆ ಈ ಅವನತಿ ಯಾರ ಗಮನಕ್ಕೂ ಬಾರದೆ ಹೋಗುತ್ತಿತ್ತೇನೋ.

ವನ್ಯಧಾಮದ ನಿಯಮಗಳಿಗೆ ಅನುಸಾರವಾಗಿ 2012ರ ವೇಳೆಗೆ ಗಾಳ ಶಿಬಿರಗಳು ಮುಚ್ಚಿದವು. ಗಾಳ ನಿಂತಿತು, ಅದರೊಂದಿಗೆ ದಡದಲ್ಲಿ ದಿನವೂ ಇರುತ್ತಿದ್ದ ಕಣ್ಣುಗಳೂ ಹೋದವು. ಸಿಡಿಮದ್ದು ಮತ್ತು ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದಿತು. ಒಂದು ಸಿಡಿತಕ್ಕೆ ತಾಯಿಮೀನಿನಿಂದ ಮರಿಯವರೆಗೆ ಇಡೀ ಮಡು ಸಾಯುತ್ತದೆ. ಇದರ ಮುಂದೆ ಗಾಳದ ದಾರದ ವಿಚಾರ ಚಿಕ್ಕದೆಂದು ತೋರಬಹುದು. ಆದರೆ ಸಾವಿರಾರು ಮೊಟ್ಟೆಗಳನ್ನಿಡುವ ಹಿರಿಯ ಹೆಣ್ಣುಮೀನುಗಳು ಬೆರಳೆಣಿಕೆಯಷ್ಟೇ ಉಳಿದಿರುವಾಗ, ಒಂದೊಂದು ಮೀನಿನ ಉಳಿವೂ ದೊಡ್ಡ ವಿಚಾರವೇ.

ಹೊಳೆಯ ದಡದಲ್ಲಿ ಗಾಳ ಹಿಡಿದು ಕುಳಿತವರು ಆ ಹೊಳೆಯನ್ನು ಚೆನ್ನಾಗಿ ಅರಿಯುತ್ತಾರೆ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರನ್ನು ಬಲ್ಲ ಮಲೆನಾಡಿಗರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಗಾಳವನ್ನೇ ಬಿಸಾಡಿ ಎಂದು ನಾನು ಹೇಳುತ್ತಿಲ್ಲ. ಕೆಲವು ವಿಷಯಗಳನ್ನು ಮಾತ್ರ ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ವನ್ಯಧಾಮದೊಳಗೂ ದೇವಸ್ಥಾನದ ಮಡುಗಳಲ್ಲೂ ಗಾಳ ಇಳಿಸಲೇಬಾರದು. ಅನುಮತಿಯಿರುವ ಕಡೆ, ದೊಡ್ಡ ಮೀನಿರುವ ನೀರಿನಲ್ಲಿ ತೆಳು ದಾರದ ಪಂಥ ಬೇಡ. ಬೇಗ ದಡ ಮುಟ್ಟಿಸಬಲ್ಲ ಗಟ್ಟಿ ದಾರವಿರಲಿ. ಒಂದೇ ಕೊಕ್ಕೆಯಿರಲಿ, ಅದರ ಹಿಂಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿರಿ. ಕಡುಬೇಸಿಗೆಯಲ್ಲೂ ಮೀನು ಮೊಟ್ಟೆಯಿಡಲು ಏರುವ ಮಳೆಗಾಲದಲ್ಲೂ ಹೊಳೆಗೆ ವಿರಾಮ ಕೊಡಿರಿ. ಸಣ್ಣ ಮೀನಿನ ಗಾಳಕ್ಕೆ ಆಕಸ್ಮಿಕವಾಗಿ ದೊಡ್ಡ ಮಹಶೀರ್ ಕಚ್ಚಿದರೆ ಗಂಟೆಗಟ್ಟಲೆ ಆಡಿಸಬೇಡಿ. ಹತ್ತಿರ ಬಂದರೆ ನೀರಿನಲ್ಲಿಯೇ ಕೊಕ್ಕೆ ಬಿಡಿಸಿ. ಬಿಡಿಸಲಾಗದಿದ್ದರೆ ದಾರವನ್ನು ಬಾಯಿಯ ಸಮೀಪ ಕತ್ತರಿಸಿ. ಹೊಳೆಯಲ್ಲಿ ಉಳಿದ ಉದ್ದನೆಯ ನೈಲಾನ್ ದಾರ ನೀರುನಾಯಿಗೂ ಹಕ್ಕಿಗೂ ಉರುಳಾಗುತ್ತದೆ. ಕಿವಿರಿಗೆ ಕೈ ಹಾಕಬೇಡಿ. ಒದ್ದೆ ಕೈಗಳಿಂದ ಹೊಟ್ಟೆಗೆ ಆಸರೆ ಕೊಟ್ಟು, ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಅದು ತಾನಾಗಿ ಬಾಲ ಬೀಸುವವರೆಗೆ ಕಾಯಿರಿ.

ವಿದ್ಯಾರ್ಥಿಗಳು ಒಂದು ನೋಟ್ ಪುಸ್ತಕವನ್ನೂ ಇಡಲಿ. ಯಾವ ಮಡುವಿನಲ್ಲಿ, ಯಾವ ದಿನ, ಯಾವ ಮೀನು, ಎಷ್ಟು ಉದ್ದ, ಮರಿಗಳು ಕಂಡವೇ ಎಂದು ಬರೆಯಲಿ. ಗಾಲಿಬೋರೆಯ ದಿನಚರಿಗಳು ಮಾಡಿದ ಕೆಲಸವನ್ನು ನಮ್ಮ ಊರಿನ ಶಾಲೆಯ ಪುಸ್ತಕವೂ ಮಾಡಬಲ್ಲದು.

ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ಜನರು ದೇವರ ಮೀನುಗಳೆಂದು ತಲೆಮಾರುಗಳಿಂದ ಮೀನುಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ನಮ್ಮ ಊರಿನ ಮಡುವೊಂದನ್ನು ಅದೇ ರೀತಿ ಕಾಯಲು ಗ್ರಾಮಸಭೆಯಲ್ಲಿ ನಿರ್ಣಯ ಮಾಡಬಹುದೇ ಎಂಬುದನ್ನು ಇಲ್ಲಿ ನೆರೆದಿರುವ ಹಿರಿಯರು ದಯವಿಟ್ಟು ಯೋಚಿಸಬೇಕು. ಯಾವ ಮಡು, ಕಾವಲು ಯಾರದು, ಸಿಡಿಮದ್ದಿನ ಸದ್ದು ಕೇಳಿದರೆ ಯಾರಿಗೆ ತಿಳಿಸಬೇಕು ಎಂಬ ಚರ್ಚೆಯನ್ನು ಈ ಸಭೆಯಲ್ಲಿಯೇ ಆರಂಭಿಸೋಣ ಎಂದು ವಿನಂತಿಸಿ ನನ್ನ ಮಾತನ್ನು ಮುಗಿಸುತ್ತೇನೆ.