ಕೊಟ್ಟವರ ಹೆಸರು ಬರೆದಿಡೋಣ

(ಸುವರ್ಣ ಮಹೋತ್ಸವದ ಅಂಗವಾಗಿ, ಹಿಂದಿನ ವಿದ್ಯಾರ್ಥಿಗಳು ಶಾಲೆಗೆ ಕೊಟ್ಟ ಚಿತ್ರಗಳ ಪ್ರದರ್ಶನ ಉದ್ಘಾಟಿಸಿ ಆಡಿದ ಮಾತುಗಳು)



ನಾನು ಕಲಾವಿದನಲ್ಲ. ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನನ್ನು ರಿಬ್ಬನ್ ಕತ್ತರಿಸಲು ಕರೆದಿದ್ದೀರಿ. ಯಾಕೆ ಎಂದು ಯೋಚಿಸುತ್ತಲೇ ಬೆಳಿಗ್ಗೆ ಒಳಗೆ ಒಂದು ಸುತ್ತು ಹಾಕಿದೆ. ವಾರ್ಷಿಕ ಪ್ರದರ್ಶನದಲ್ಲಿ ಚಿತ್ರ ಇಟ್ಟವರು ಶಾಲೆ ಬಿಡುವಾಗ ಒಂದನ್ನು ಇಲ್ಲಿಯೇ ಬಿಟ್ಟುಹೋಗುವುದು ನಮ್ಮಲ್ಲಿ ನಡೆದುಬಂದ ರೂಢಿ. ಹಾಗೆ ಉಳಿದ ಚಿತ್ರಗಳೇ ಇವತ್ತು ಎರಡು ಕೋಣೆ ತುಂಬಿವೆ. ಕೃಷ್ಣಾ ನದಿ, ಕಬ್ಬಿನ ಗಾಡಿ, ಕಾರಹುಣ್ಣಿಮೆಯ ಎತ್ತು ಎಲ್ಲ ಇವೆ. ನಾನು ಹೆಚ್ಚು ಹೊತ್ತು ನಿಂತದ್ದು ಮಾತ್ರ ಗ್ರಾಫ್ ಕಾಗದದ ಚಿತ್ರಗಳ ಮುಂದೆ.

ಹೊರಗಿನವರಿಗೆ ಅವು ಬಣ್ಣ ತುಂಬಿದ ಚೌಕಗಳು. ರಬಕವಿಯವರಿಗೆ ಅದು ಸೀರೆಯ ದಡಿ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಒಂದರಲ್ಲಿ ಗೋಮಿ ದಡಿ, ಇನ್ನೊಂದರಲ್ಲಿ ಟೋಪ್ ತೆನಿ ಸೆರಗು. ಇಂಥ ಗ್ರಾಫಿನ ಸಾಲನ್ನು ನೋಡಿಯೇ ಜಕಾರ್ಡಿನ ರಟ್ಟಿಗೆ ತೂತು ಹೊಡೆಯುತ್ತಾರೆ. ತೂತು ಇದ್ದಲ್ಲಿ ಹಾಸಿನ ಎಳೆ ಮೇಲೆ ಏಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ, ನಡುವೆ ಲಾಳಿ ಓಡುತ್ತದೆ. ಕಂಪ್ಯೂಟರಿನ ಒಂದು ಮತ್ತು ಸೊನ್ನೆ ಇದೇ ಲೆಕ್ಕ. ಫ್ರಾನ್ಸಿನ ಜೋಸೆಫ್ ಮೇರಿ ಜಕಾರ್ಡ್ 1804ರಲ್ಲಿ ಮಾಡಿದ ಈ ಉಪಾಯವನ್ನು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣಕಯಂತ್ರದ ಯೋಜನೆಗೆ ತೆಗೆದುಕೊಂಡ. ಮುಂದೆ ಬಂದ ಕಂಪ್ಯೂಟರುಗಳೂ ಬಹಳ ಕಾಲ ತೂತಿನ ಕಾರ್ಡುಗಳನ್ನೇ ಓದುತ್ತಿದ್ದವು. ಅಂದರೆ ನನ್ನ ಸಂಬಳದ ಕಸುಬು ಮಗ್ಗದ ಮನೆಯಿಂದಲೇ ಬಂದದ್ದು. ನನ್ನನ್ನು ಕರೆದದ್ದಕ್ಕೆ ಇಷ್ಟು ಕಾರಣ ಸಾಕು ಅಂದುಕೊಂಡೆ!

ಈಗ ಒಂದು ಕಳವಳದ ಮಾತು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ ಇದೆ. ಮೈಸೂರು ಆಸ್ಥಾನದ ಕಲಾವಿದ ಕೆ. ವೆಂಕಟಪ್ಪನವರ ಕೃತಿಗಳು ಅಲ್ಲಿವೆ. ಅದನ್ನು ಖಾಸಗಿ ಪ್ರತಿಷ್ಠಾನಕ್ಕೆ ದತ್ತು ಕೊಡುವ ಏರ್ಪಾಡಿನ ವಿರುದ್ಧ 2016ರಲ್ಲಿ ಕಲಾವಿದರು ಬೀದಿಗೆ ಇಳಿದರು. ಜನರ ಸ್ವತ್ತನ್ನು ಯಾರು ಕಾಯಬೇಕು ಎಂಬುದೇ ಅವರ ಪ್ರಶ್ನೆ. ರಾಜಧಾನಿಯ ಗ್ಯಾಲರಿಗೇ ಈ ಪ್ರಶ್ನೆ ಬಂದರೆ, ನಮ್ಮ ಕಪಾಟಿನ ಚಿತ್ರಗಳ ಗತಿಯೇನು? ಸರ್ಕಾರಿ ಶಾಲೆಯಲ್ಲಿ ಬೆಂಚು, ಕುರ್ಚಿ, ಗಂಟೆಗೆ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ನಂಬರು ಇರುತ್ತದೆ. ಈ ಚಿತ್ರಗಳಿಗೆ ಇಲ್ಲ. ಹೆಸರು 'ಡೆಡ್ ಸ್ಟಾಕ್' ಆದರೂ ಜೀವ ಉಳಿಯುವುದು ಅದರಲ್ಲಿ ಬರೆದ ವಸ್ತುಗಳಿಗೇ. ಉಳಿದದ್ದು ಸುಣ್ಣ ಬಳಿಯುವಾಗ ಹೊರಗೆ ಬೀಳುತ್ತದೆ.

ಮೊಬೈಲಿನಲ್ಲಿ ಫೋಟೋ ತೆಗೆದರೆ ಸಾಲದೇ ಎಂದು ಗೆಳೆಯರೊಬ್ಬರು ಕೇಳಿದರು. ಸಾಲದು. ಫೋನು ಮೂರು ವರ್ಷಕ್ಕೆ ಬದಲಾಗುತ್ತದೆ, ಗ್ರಾಫಿನ ಮೇಲಿನ ಪೆನ್ಸಿಲ್ ಗೀರು ಫೋಟೋದಲ್ಲಿ ಕಾಣುವುದಿಲ್ಲ. ಆದರೂ ಸ್ಕ್ಯಾನ್ ಮಾಡುವ ಕೆಲಸ ನಮ್ಮ ಬ್ಯಾಚಿನದು. ಗೆದ್ದಲು ಹತ್ತದ ಒಂದು ಕಬ್ಬಿಣದ ಕಪಾಟನ್ನೂ ನಾವೇ ಕೊಡುತ್ತೇವೆ. ಹೆಡ್ ಮಾಸ್ತರರಲ್ಲಿ ಕೇಳುವುದು ಇಷ್ಟೇ: ಒಂದೊಂದು ಚಿತ್ರಕ್ಕೂ ರಿಜಿಸ್ಟರಿನಲ್ಲಿ ಒಂದು ಸಾಲು.

ಕೆಲವು ಚಿತ್ರಗಳ ಹಿಂದೆ ಹೆಸರು ಅಳಿಸಿಹೋಗಿದೆ. ಬಾಗಿಲ ಬಳಿ ನೋಟ್‌ಬುಕ್ ಇಟ್ಟಿದ್ದೇವೆ. ಅಕ್ಕಂದಿರೇ, ಅಣ್ಣಂದಿರೇ, ಯಾರ ಕೈಬರಹ, ಯಾರ ಮನೆಯ ದಡಿ ಎಂದು ಗುರುತು ಹತ್ತಿದರೆ ಚಿತ್ರದ ನಂಬರಿನ ಮುಂದೆ ಬರೆಯಿರಿ. ಬನ್ನಿ, ಒಳಗೆ ಹೋಗೋಣ.