ಹಣದ ತೀರ್ಮಾನ ಮತ್ತು ಮಿದುಳಿನ ಚಿತ್ರ

ಮನುಷ್ಯನು ತನ್ನ ಲಾಭವನ್ನೇ ಲೆಕ್ಕ ಹಾಕಿ ನಡೆಯುತ್ತಾನೆಂಬ ಗೃಹೀತದ ಮೇಲೆ ನಿಂತ ಅರ್ಥಶಾಸ್ತ್ರಕ್ಕೆ ತೊಡಕಾಗಿ ಬಂದ ಪ್ರಯೋಗಗಳಲ್ಲಿ, 1982ರಲ್ಲಿ ಜರ್ಮನಿಯ ವರ್ನರ್ ಗ್ಯೂಟ್ ಮತ್ತು ಸಂಗಡಿಗರು ಪ್ರಕಟಿಸಿದ ‘ಅಲ್ಟಿಮೇಟಮ್ ಆಟ’ ಮುಖ್ಯವಾದುದು. ಇದರಲ್ಲಿ ಒಬ್ಬನ ಕೈಗೆ ಒಂದು ಮೊತ್ತವನ್ನಿತ್ತು, ಅದರಲ್ಲಿ ಎದುರಿನವನಿಗೆ ಎಷ್ಟು ಬಿಟ್ಟುಕೊಡಬೇಕೆಂಬುದನ್ನು ಅವನಿಗೇ ಬಿಡಲಾಗುತ್ತದೆ. ಎದುರಿನವನು ಒಪ್ಪಿದರೆ ಹಣ ಹಾಗೆಯೇ ಹಂಚಿಕೆಯಾಗುತ್ತದೆ, ಒಲ್ಲೆನೆಂದರೆ ಇಬ್ಬರಿಗೂ ಬಿಡಿಗಾಸು ದಕ್ಕುವುದಿಲ್ಲ. ಲಾಭದ ಲೆಕ್ಕದಲ್ಲಿ ಒಂದು ಡಾಲರೂ ಸೊನ್ನೆಗಿಂತ ಮೇಲು. ಆದರೂ ತೀರ ಸಣ್ಣ ಪಾಲನ್ನು ಜನ ಮತ್ತೆ ಮತ್ತೆ ತಿರಸ್ಕರಿಸುತ್ತಾರೆ.

ಇದಕ್ಕೆ ಕಾರಣವನ್ನು ಮಿದುಳಿನಲ್ಲಿ ಹುಡುಕಲು ಬಳಕೆಯಾಗುವ ಸಾಧನ ಎಫ್‌ಎಂಆರ್‌ಐ, ಅಂದರೆ ಕೆಲಸದಲ್ಲಿ ತೊಡಗಿರುವ ಮಿದುಳನ್ನು ಕಾಂತಕ್ಷೇತ್ರದ ನೆರವಿನಿಂದ ಚಿತ್ರಿಸುವ ವಿಧಾನ. ಅದು ಅಳೆಯುವುದು ಆಲೋಚನೆಯನ್ನಲ್ಲ, ನರಕೋಶಗಳ ವಿದ್ಯುತ್ ಚಟುವಟಿಕೆಯನ್ನೂ ಅಲ್ಲ. ಚುರುಕಾದ ಭಾಗಕ್ಕೆ ಆಮ್ಲಜನಕ ತುಂಬಿದ ರಕ್ತ ಹೆಚ್ಚಾಗಿ ಹರಿದು ಬರುವುದರಿಂದ, ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ನಿನ ಪ್ರಮಾಣ ಅಲ್ಲಿ ತಗ್ಗುತ್ತದೆ; ಇವೆರಡು ಬಗೆಯ ಹಿಮೋಗ್ಲೋಬಿನ್ನಿನ ಕಾಂತೀಯ ಗುಣ ಬೇರೆಬೇರೆಯಾಗಿರುವುದರಿಂದ ಯಂತ್ರ ಆ ವ್ಯತ್ಯಾಸವನ್ನು ಗ್ರಹಿಸುತ್ತದೆ. ಈ ಸಂಕೇತ ತುತ್ತತುದಿ ಮುಟ್ಟುವುದು ಐದಾರು ಸೆಕೆಂಡುಗಳ ಬಳಿಕ, ತೀರ್ಮಾನವಾದರೋ ಅಷ್ಟರೊಳಗೆ ಮುಗಿದೇ ಹೋಗಿರಬಹುದು.

2003ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಅಲನ್ ಸ್ಯಾನ್‌ಫಿ ಮತ್ತು ಸಹೋದ್ಯೋಗಿಗಳು 19 ಮಂದಿಯನ್ನು ಈ ಯಂತ್ರದೊಳಗೆ ಮಲಗಿಸಿ ಹತ್ತು ಡಾಲರುಗಳ ಹಂಚಿಕೆಯನ್ನು ಅವರ ಮುಂದಿಟ್ಟರು. ಕೆಲವು ಹಂಚಿಕೆಗಳು ಮನುಷ್ಯರಿಂದ, ಕೆಲವು ಕಂಪ್ಯೂಟರಿನಿಂದ ಬಂದವೆಂದು ಹೇಳಲಾಗಿತ್ತು. ವಾಸ್ತವದಲ್ಲಿ ಎಲ್ಲವೂ ಸಂಶೋಧಕರು ಮೊದಲೇ ಗೊತ್ತುಪಡಿಸಿದವು. ಒಂದೆರಡು ಡಾಲರಿನ ಪಾಲು ಬಂದಾಗ, ಅಸಹ್ಯ, ನೋವುಗಳೊಡನೆ ನಂಟಿರುವ ಮುಂಭಾಗದ ಇನ್ಸುಲಾ ಎಂಬ ಒಳಮಡಿಕೆ ಚುರುಕಾಯಿತು, ಕೊಟ್ಟವನು ಮನುಷ್ಯನೆಂದು ನಂಬಿದಾಗ ಇನ್ನಷ್ಟು ಚುರುಕಾಯಿತು. ಜೊತೆಗೆ ಹಣೆಯ ಹಿಂಬದಿಯಲ್ಲಿ, ಪಕ್ಕದ ಮೇಲ್ಭಾಗದಲ್ಲಿರುವ ಪ್ರಿಫ್ರಾಂಟಲ್ ಪ್ರದೇಶವೂ ಎಚ್ಚೆತ್ತಿತು. ಇನ್ಸುಲಾ ಸಿಟ್ಟಿನ ಪರ, ಪ್ರಿಫ್ರಾಂಟಲ್ ಹಣದ ಪರ ವಾದಿಸುತ್ತವೆಂಬ ವಿವರಣೆ ಸಹಜವಾಗಿಯೇ ಮೂಡಿತು.

ಆ ವಿವರಣೆ ಸರಿಯಾಗಿದ್ದರೆ ಪ್ರಿಫ್ರಾಂಟಲ್ ಭಾಗವನ್ನು ಮಂಕುಗೊಳಿಸಿದಾಗ ತಿರಸ್ಕಾರ ಹೆಚ್ಚಬೇಕಿತ್ತು. 2006ರಲ್ಲಿ ಡಾರಿಯಾ ಕ್ನೋಖ್, ಅರ್ನ್‌ಸ್ಟ್ ಫೆಹ್ರ್ ಮೊದಲಾದ ಜ್ಯೂರಿಕ್ ತಂಡದವರು ತಲೆಯ ಹೊರಗಿನಿಂದಲೇ ಕಾಂತೀಯ ಮಿಡಿತಗಳನ್ನು ಹಾಯಿಸಿ ಬಲಬದಿಯ ಆ ಭಾಗದ ಕೆಲಸವನ್ನು ತಾತ್ಕಾಲಿಕವಾಗಿ ಕುಗ್ಗಿಸಿದಾಗ ಆದದ್ದು ಇದಕ್ಕೆ ತದ್ವಿರುದ್ಧ: ಜನ ಹಂಚಿಕೆ ಅನ್ಯಾಯದ್ದೆಂದು ಹೇಳುತ್ತಲೇ ಹಣವನ್ನು ತೆಗೆದುಕೊಂಡರು. ಅಂದರೆ ಆ ಭಾಗ ದುರಾಸೆಯ ವಕೀಲನಾಗಿರದೆ, ಕೈಗೆ ಬಂದ ಕಾಸಿನ ಆಸೆಗೆ ಕಡಿವಾಣ ಹಾಕುವಂತಿತ್ತು. ಚಿತ್ರ ಸುಳ್ಳಾಗಿರಲಿಲ್ಲ, ಅದರ ಓದು ಅವಸರದ್ದಾಗಿತ್ತು. ಒಂದು ಭಾಗ ಬೆಳಗಿದ್ದರಿಂದಲೇ ಇಂಥ ಭಾವನೆ ಹುಟ್ಟಿತೆಂದು ಹಿಂದಕ್ಕೆ ತರ್ಕಿಸುವುದು ಮಿದುಳಿನ ಚಿತ್ರಗಳನ್ನು ಓದುವ ಈ ಶಾಸ್ತ್ರದ ದೊಡ್ಡ ಪ್ರಲೋಭನೆ. ಇನ್ಸುಲಾವಂತೂ ಎಷ್ಟೋ ಬಗೆಯ ಪ್ರಯೋಗಗಳಲ್ಲಿ ಬೆಳಗುವಂಥದು.

ಅರ್ಥ ಹಚ್ಚುವುದಕ್ಕೂ ಮೊದಲು, ಯಂತ್ರ ಕೊಟ್ಟ ಮಾಹಿತಿಯನ್ನು ವಿಶ್ಲೇಷಿಸುವ ಲೆಕ್ಕಾಚಾರದ ಹಂತದಲ್ಲೂ ಒಮ್ಮತ ಸುಲಭವಲ್ಲ. ಲಾಭ-ನಷ್ಟದ ಪಣಗಳನ್ನು ಒಪ್ಪುವ ಅಥವಾ ಬಿಡುವ 108 ಮಂದಿಯ ಮಿದುಳಿನ ಚಿತ್ರಗಳನ್ನು 70 ಸಂಶೋಧಕ ತಂಡಗಳಿಗೆ ಕೊಟ್ಟು, ಒಂಬತ್ತು ಊಹೆಗಳನ್ನು ಪರೀಕ್ಷಿಸಿ ಹೌದು ಅಥವಾ ಇಲ್ಲವೆಂದು ಉತ್ತರಿಸುವಂತೆ ಕೇಳಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಯಾವ ಎರಡು ತಂಡಗಳ ವಿಶ್ಲೇಷಣಾ ಕ್ರಮವೂ ಒಂದೇ ಆಗಿರಲಿಲ್ಲ. ಐದು ಊಹೆಗಳ ವಿಷಯದಲ್ಲಿ ಐದನೇ ಒಂದರಿಂದ ಮೂರನೇ ಒಂದಕ್ಕಿಂತ ತುಸು ಹೆಚ್ಚಿನವರೆಗಿನ ತಂಡಗಳು ಹೌದೆಂದವು, ಉಳಿದವು ಅದೇ ಮಾಹಿತಿಯಿಂದ ಇಲ್ಲವೆಂದವು.