ಬೀಗ ಹಾಕಿದ ಪೀಠಗಳು



ಇತರರ ಕಷ್ಟಸುಖಗಳನ್ನು ಕೇಳುವುದು ಕ್ರೈಸ್ತ ಸಭಾಪಾಲಕರ ಕೆಲಸ. ಅವರ ಕಷ್ಟವನ್ನು ಕೇಳುವವರು ಯಾರು? ರೋಗಿಯ ಹಾಸಿಗೆಯ ಬಳಿ, ಸಾವಿನ ಮನೆಯಲ್ಲಿ ಧೈರ್ಯ ಹೇಳಿ ಬಂದವರಿಗೆ ತಮ್ಮ ಸಭೆಯಲ್ಲಿಯೇ ವಿರೋಧವು ಕಾದಿರುವುದುಂಟು. ಹೊರಗಿನವರ ನಿಂದೆಯನ್ನು ಸಹಿಸಬಹುದು. ಯಾರ ಸೇವೆಗೆಂದು ಬಂದೆವೋ ಅವರೇ ಮುಖ ತಿರುಗಿಸಿದರೆ ಮನಸ್ಸು ಕುಗ್ಗುತ್ತದೆ. ಅಂಥವರಿಗಾಗಿ ಈ ಹೊತ್ತು ಒಬ್ಬರ ಚರಿತ್ರೆಯನ್ನು ನಿವೇದಿಸುತ್ತೇನೆ.

1782ರಲ್ಲಿ ಚಾರ್ಲ್ಸ್ ಸಿಮಿಯನ್ ಎಂಬ ತರುಣರು ಇಂಗ್ಲೆಂಡಿನ ಕೇಂಬ್ರಿಜ್ ಪಟ್ಟಣದ ಹೋಲಿ ಟ್ರಿನಿಟಿ ದೇವಾಲಯದ ಪಾಲಕರಾಗಿ ನೇಮಕಗೊಂಡರು. ಆಗ ಅವರಿಗೆ 23 ವರ್ಷ. ಸಭೆಯವರು ಬಯಸಿದ್ದುದು ಅಲ್ಲಿಯೇ ಉಪಪಾಲಕರಾಗಿದ್ದ ಇನ್ನೊಬ್ಬರನ್ನು. ಬಿಷಪ್ಪರು ನೇಮಿಸಿದವರನ್ನು ತೆಗೆದುಹಾಕುವ ಅಧಿಕಾರ ಸಭೆಯವರಿಗಿರಲಿಲ್ಲ. ಆದುದರಿಂದ ಅಸಹಕಾರವನ್ನು ಹೂಡಿದರು. ಆ ಕಾಲದಲ್ಲಿ ಅಲ್ಲಿಯ ದೇವಾಲಯಗಳಲ್ಲಿ ಕುಟುಂಬಗಳಿಗೆ ಮೀಸಲಾದ, ಬಾಗಿಲುಳ್ಳ ಪೀಠಗಳಿದ್ದವು. ಅವುಗಳಿಗೆ ಬೀಗ ಹಾಕಿ ಅವರು ಮನೆಯಲ್ಲಿಯೇ ಉಳಿದರು. ಕೇಳಬಂದವರು ನಡುದಾರಿಯಲ್ಲಿ ನಿಲ್ಲಬೇಕಾಯಿತು. ಸಿಮಿಯನ್ನರು ಸ್ವಂತ ಹಣದಿಂದ ಆಸನಗಳನ್ನು ಹಾಕಿಸಿದರೆ, ದೇವಾಲಯದ ಮೇಲ್ವಿಚಾರಕರು ಅವನ್ನು ಕಿತ್ತು ಹೊರಗೆಸೆದರು. ಮಧ್ಯಾಹ್ನದ ಉಪದೇಶಕರನ್ನು ಆರಿಸುವ ಹಕ್ಕು ಸಭೆಯವರದು; ಸುಮಾರು 12 ವರ್ಷಗಳ ಕಾಲ ಅದನ್ನು ಬೇರೆಯವರಿಗೇ ಕೊಟ್ಟರು.

ಸಂಜೆಯ ಆರಾಧನೆಯನ್ನು ಆರಂಭಿಸಿದಾಗ ದೇವಾಲಯದ ಬಾಗಿಲಿಗೇ ಬೀಗ ಬಿದ್ದಿತು. ಆ ದಿನ ಸಿಮಿಯನ್ನರು ಕಮ್ಮಾರನನ್ನು ಕರೆಸಿ ಬಾಗಿಲನ್ನು ತೆಗೆಸಿದರು. ಆದರೆ ಆ ಹಟವನ್ನು ಮುಂದುವರಿಸಲಿಲ್ಲ. ಒಂದು ಚಿಕ್ಕ ಕೋಣೆಯನ್ನು ಹಿಡಿದು, ಬಂದ ಕೆಲವರಿಗೆ ಅಲ್ಲಿಯೇ ಬೋಧಿಸಿದರು. ಬಂದವರು ಅರ್ಧ ಮಂದಿಯಾದರೂ ಅವರಿಗೆ ಇಮ್ಮಡಿ ಫಲ ದೊರೆತರೆ ನಷ್ಟವೇನಿಲ್ಲವೆಂಬುದು ಅವರ ಲೆಕ್ಕಾಚಾರ.

ವಿಶ್ವವಿದ್ಯಾನಿಲಯದಲ್ಲಿಯೂ ಅವರು ಪರಿಹಾಸ್ಯಕ್ಕೆ ಗುರಿಯಾಗಿದ್ದರು. ಹಾಗೆ ನೊಂದಿದ್ದ ಒಂದು ದಿನ ಗ್ರೀಕ್ ಹೊಸ ಒಡಂಬಡಿಕೆಯನ್ನು ತೆರೆದಾಗ, ಯೇಸುವಿನ ಶಿಲುಬೆಯನ್ನು ಹೊತ್ತ ಸೀಮೋನನ ಪ್ರಸಂಗವು ಕಣ್ಣಿಗೆ ಬಿದ್ದಿತು. ಸೀಮೋನ, ಸಿಮಿಯನ್, ಎರಡೂ ಒಂದೇ ಹೆಸರು. ತಮಗೆ ಬಂದ ಭಾರವು ಅಪಮಾನವಲ್ಲ, ಗೌರವವೆಂದು ಅವರಿಗೆ ತೋರಿತು.

ಸಿಮಿಯನ್ನರು ಹುಟ್ಟುಸಾಧುಗಳೆಂದು ಭಾವಿಸಬೇಡಿ. ಸ್ವಭಾವತಃ ಮುಂಗೋಪಿಗಳು. ಅವರ ತಾಳ್ಮೆಯು ದಿನದಿನವೂ ಗಳಿಸಿದ ತಾಳ್ಮೆ. ದೇಹವೂ ದಣಿಯಿತು, 1807ರಲ್ಲಿ ಸ್ವರವು ಕುಸಿದು, ಅನೇಕ ವರ್ಷ ಮಾತನ್ನು ಮಿತಗೊಳಿಸಬೇಕಾಯಿತು.

ಅವರು 1836ರಲ್ಲಿ ತೀರಿಕೊಳ್ಳುವವರೆಗೆ, 54 ವರ್ಷ, ಅದೇ ದೇವಾಲಯದಲ್ಲಿದ್ದರು. 1803ರಲ್ಲಿ ಅವರಿಗೆ ಸಹಾಯಕರಾಗಿ ಬಂದ ಹೆನ್ರಿ ಮಾರ್ಟಿನ್ನರು ಮುಂದೆ ಭಾರತಕ್ಕೆ ಬಂದು ಹೊಸ ಒಡಂಬಡಿಕೆಯನ್ನು ಉರ್ದುವಿಗೆ ಭಾಷಾಂತರಿಸಿದರು. ಸಿಮಿಯನ್ನರ ಶವಸಂಸ್ಕಾರದ ದಿನ, ಸಂತೆಯ ದಿನವಾದರೂ, ಪಟ್ಟಣದ ಅಂಗಡಿಗಳು ಮುಚ್ಚಿದ್ದವು.

ತಾಳಿದವನು ಬಾಳಿಯಾನು ಎಂಬ ಗಾದೆ ನಮಗೆ ತಿಳಿದದ್ದೇ. ಆದರೆ ತಾಳ್ಮೆಯೆಂದರೆ ಕೈಕಟ್ಟಿ ಕೂರುವುದಲ್ಲ. ಮುಚ್ಚಿದ ಬಾಗಿಲಿನೊಡನೆ ಗುದ್ದಾಡದೆ, ತೆರೆದ ಕೋಣೆಯಲ್ಲಿ ಕೆಲಸವನ್ನು ನಡೆಸುವುದು. ಎಲ್ಲರಿಗೂ 54 ವರ್ಷಗಳ ಅವಕಾಶವಾಗಲಿ, ಕೊನೆಗೆ ಊರಿನ ಮನ್ನಣೆಯಾಗಲಿ ದೊರೆಯದು. ದಣಿದವರು ವಿಶ್ರಮಿಸಿಕೊಳ್ಳುವುದು, ನಂಬುಗೆಯ ಸ್ನೇಹಿತರಲ್ಲಿ ನೋವನ್ನು ಹೇಳಿಕೊಳ್ಳುವುದು ಸೋಲಲ್ಲ.

ಸಭೆಯ ಜನರಿಗೂ ಒಂದು ಮಾತು. ಮುಂದಿನ ಭಾನುವಾರ ಉಪದೇಶದ ಗುಣದೋಷಗಳನ್ನು ವಿಮರ್ಶಿಸುವ ಮೊದಲು, ಉಪದೇಶಿಸಿದವರ ಕ್ಷೇಮವನ್ನು ವಿಚಾರಿಸಿರಿ. ಎಷ್ಟೋ ಬೀಗಗಳು ಅಷ್ಟರಿಂದಲೇ ತೆರೆಯುತ್ತವೆ.